ಬಂಗಾರಪೇಟೆಯ ಮೂರಂತಸ್ತಿನ ಸೈಕಲ್ ಸ್ಟ್ಯಾಂಡ್

ತುಮಕೂರು ಸ್ಟೇಷನ್ನಿನಲ್ಲಿ ಬೆಳಗಿನ ರೈಲಿಗೆ ನನ್ನ ಚೀಲ ಎತ್ತಿಕೊಟ್ಟ ಕೂಲಿಯವನು, "ಏನಮ್ಮ, ಕಲ್ಲು ತುಂಬ್ಕೊಂಡು ಹೊರಟಿದ್ದೀರಾ?" ಎಂದು ಕೇಳಿದ. ಕಲ್ಲಲ್ಲ. ಎರಡು ಸುತ್ತಿಗೆ, ನಾಲ್ಕು ಚಾಣ, ಒಂದು ತೂಗುಗುಂಡು, ಅವುಗಳ ನಡುವೆ ಎರಡು ಸೀರೆ. ಹಳೇ ಕಟ್ಟಡಗಳನ್ನು ರಿಪೇರಿ ಮಾಡಿಸುವ ಗುತ್ತಿಗೆ ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ನಡೆದುಬಂದದ್ದು. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ, ನಾನೇ ಹಿಡಿದೆ. ಆಗ ಆಡಿಕೊಂಡವರ ಮನೆಯ ಸೋರುವ ಮಾಳಿಗೆಗಳನ್ನೂ ಆಮೇಲೆ ನಾನೇ ರಿಪೇರಿ ಮಾಡಿಸಿದ್ದೇನೆ.

ಎಂಬತ್ತರ ದಶಕದ ನಡುವಿನ ಒಂದು ಜನವರಿ, ಸಂಕ್ರಾಂತಿ ಕಳೆದ ವಾರ. ಹಿಂದಿನ ದಿನ ತಂಗಿ ರತ್ನ ಬಂಗಾರಪೇಟೆಯಿಂದ ಎದುರುಮನೆಯ ಫೋನಿಗೆ ಟ್ರಂಕ್ ಕಾಲ್ ಮಾಡಿದ್ದಳು. "ಅಕ್ಕ, ಸ್ಟ್ಯಾಂಡ್ ಕೆಡವ್ತಾರಂತೆ. ಬರೋ ಸೋಮವಾರ ಬೆಂಗ್ಳೂರಿಂದ ಕೆಡವೋರು ಬತ್ತಾರೆ. ನೀನು ಬಂದು ಒಂದ್ಸಲ ನೋಡು. ಬೀಳ್ಸು ಅಂತ ನೀನ್ ಅಂದ್ರೆ ನಾನು ತುಟಿ ಬಿಚ್ಚಲ್ಲ." ಅಷ್ಟರಲ್ಲಿ ಲೈನು ಕಟ್ಟಾಯಿತು. ಮದುವೆಯಾಗಿ ಹೋದ ಮೇಲೆ ರತ್ನ ನನ್ನನ್ನು ಏನೂ ಕೇಳಿದವಳಲ್ಲ, ಹಬ್ಬದ ಸೀರೆಯನ್ನು ಕೂಡ. ಅದಕ್ಕೇ ಒಪ್ಪಿಕೊಂಡಿದ್ದ ಎರಡು ಕೆಲಸ ಬಿಟ್ಟು ಹೊರಟೆ.

ಬೆಂಗಳೂರಿನಲ್ಲಿ ಇಳಿದು ಬಂಗಾರಪೇಟೆ ಪ್ಯಾಸೆಂಜರ್ ಹಿಡಿದೆ. ಎಪ್ಪತ್ತು ಕಿಲೋಮೀಟರ್ ದಾರಿಗೆ ಎರಡೂವರೆ ಗಂಟೆ ತೆಗೆದುಕೊಳ್ಳುವ ಗಾಡಿ ಅದು. ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುತ್ತದೆ, ಸ್ಟೇಷನ್ ಇಲ್ಲದ ಕಡೆಯೂ ನಿಲ್ಲುತ್ತದೆ. ಮಾಲೂರು ಬಂದಾಗ ಇಟ್ಟಿಗೆ ಗೂಡುಗಳ ಹೊಗೆ ಕಿಟಕಿಯೊಳಗೇ ಬಂತು. ಟೇಕಲ್ಲಿನ ಬಂಡೆಗುಡ್ಡಗಳನ್ನು ನೋಡುತ್ತ, ಯಾರೂ ಗಾರೆ ಹಾಕದೆ ಎಷ್ಟು ಕಾಲದಿಂದ ನಿಂತಿವೆಯಪ್ಪ ಅಂದುಕೊಂಡೆ. ಡಬ್ಬಿ ತುಂಬ ಖಾಲಿ ಹಾಲಿನ ಕ್ಯಾನುಗಳು. ಬೆಳಗ್ಗೆ ಬೆಂಗಳೂರಿಗೆ ಹಾಲು ಹಾಕಿ ಊರಿಗೆ ಮರಳುವ ರೈತರು ಕ್ಯಾನಿನ ಮೇಲೆಯೇ ಕೂತು ತೂಕಡಿಸುತ್ತಿದ್ದರು.

ಬಂಗಾರಪೇಟೆ ಸ್ಟೇಷನ್ನಿನಿಂದ ಹೊರಗೆ ಬಂದರೆ ಎದುರಿಗೇ ಸ್ಟ್ಯಾಂಡು. ತುಮಕೂರಿನ ಓದುಗರು ಇಂಥದ್ದನ್ನು ನೋಡಿರಲಿಕ್ಕಿಲ್ಲ, ಆದ್ದರಿಂದ ಹೇಳುತ್ತೇನೆ. ಗೋಡೆಗಳಿಲ್ಲ, ಬರೀ ಕಂಬ ಮತ್ತು ಕಾಂಕ್ರೀಟಿನ ಮೋಲ್ಡು. ನೆಲದಿಂದ ಮೊದಲನೇ ಅಂತಸ್ತಿಗೆ, ಅಲ್ಲಿಂದ ಎರಡನೆಯದಕ್ಕೆ ಸೈಕಲ್ ತಳ್ಳಿಕೊಂಡು ಹೋಗುವ ಇಳಿಜಾರು. ಸುತ್ತಲ ಹಳ್ಳಿಗಳಿಂದ ಜನ ಸೈಕಲ್ಲಿನಲ್ಲಿ ಬಂದು, ಇಲ್ಲಿ ನಿಲ್ಲಿಸಿ, ಬೆಂಗಳೂರಿನ ಕಾರ್ಖಾನೆಗಳಿಗೆ ರೈಲು ಹತ್ತುತ್ತಾರೆ. ಬೇಗ ಮರಳುವವರ ಸೈಕಲ್ ಕೆಳಗೆ, ತಡವಾಗಿ ಬರುವವರದು ಮೇಲೆ, ಹಾಲಿನವರದು ಇಳಿಜಾರಿನ ಪಕ್ಕ. ಸ್ಕೂಟರುಗಳು ಒಂದು ಮೂಲೆಯಲ್ಲಿ, ಯಾರೋ ಡಾಕ್ಟರರ ಕಾರು ಇನ್ನೊಂದು ಮೂಲೆಯಲ್ಲಿ. ಈ ವ್ಯವಸ್ಥೆಯೆಲ್ಲ ರತ್ನನದು, ಕೆಳಗೆ ಸ್ಟೂಲು ಹಾಕಿಕೊಂಡು ಕೂತು ಚೀಟಿ ಕೊಡುವವಳೂ ಅವಳೇ. ಕಟ್ಟಿಸಿದ್ದು ಅವಳ ಮಾವ. ಅವರು ತೀರಿಕೊಂಡ ಮೇಲೆ ಸ್ಟ್ಯಾಂಡು ಇಬ್ಬರು ಗಂಡುಮಕ್ಕಳಿಗೆ ಬಂತು. ಹಿರಿಯವನು ರತ್ನನ ಗಂಡ, ತಾನೂ ದಿನಾ ರೈಲು ಹತ್ತುವವನು, ಯಾರು ಏನು ಹೇಳಿದರೂ ಹೂಂ ಎನ್ನುವ ಸಾಧು. ಕಿರಿಯವನು ಮುನಿರಾಜು, ಕೋಲಾರದ ಚಿನ್ನದ ಗಣಿಗಳಲ್ಲೊಂದಾದ ಮೈಸೂರು ಮೈನ್ಸ್‌ನಲ್ಲಿ ಗಣಿಯೊಳಗೆ ಇಳಿಯುವ ಕೆಲಸದವನು.

ಕೆಡವಬೇಕು ಎಂದಿದ್ದು ಮುನಿರಾಜು. ದೀಪಾವಳಿಯ ಮಳೆಯಲ್ಲಿ ಮೊದಲ ಅಂತಸ್ತಿನ ಅಡಿಯಿಂದ ತಟ್ಟೆಯಗಲದ ಚಕ್ಕೆಗಳು ಉದುರಿ ಒಂದು ಸ್ಕೂಟರಿನ ಸೀಟು ಹರಿದಿತ್ತು. ಅವತ್ತು ಕೆಳಗೆ ನಿಂತಿದ್ದ ಮುನಿರಾಜು ಎಲ್ಲರನ್ನೂ ಕೂಗಿ ಹೊರಗೆ ಓಡಿಸಿದ್ದ. ಆಮೇಲೆ ಅವನು ಒಳಗೆ ಕಾಲಿಟ್ಟಿಲ್ಲ. ರತ್ನನೂ ಮೇಲಿನ ಎರಡು ಅಂತಸ್ತು ಖಾಲಿ ಮಾಡಿಸಿದ್ದಳು, ಚಕ್ಕೆ ಉದುರಿದ ಕಡೆ ಯಾರೂ ಹೋಗದಂತೆ ಹಗ್ಗ ಕಟ್ಟಿದ್ದಳು.

ನಾನು ಕಾಫಿ ಕೂಡ ಕುಡಿಯದೆ ಸ್ಟೂಲು ಹತ್ತಿ ಸುತ್ತಿಗೆ ಹಿಡಿದೆ. ಸೂರು ತಗ್ಗಿನದು, ಕೈಗೆ ಸಿಗುತ್ತಿತ್ತು. ಉದುರದೆ ಉಳಿದಿದ್ದ ಗಾರೆ ತಟ್ಟಿದರೆ ಟೊಳ್ಳು ಸದ್ದು. ಉದುರಿದ ಜಾಗದ ಕಾಂಕ್ರೀಟಿಗೆ ತಟ್ಟಿದರೆ ಕಲ್ಲಿಗೆ ತಟ್ಟಿದ ಹಾಗೆ ಠಣ್ ಎಂದಿತು. ಚಕ್ಕೆಯೊಂದನ್ನು ಕೈಯಲ್ಲಿ ಪುಡಿ ಮಾಡಿ ನೋಡಿದೆ. ಮರಳಲ್ಲ, ಬೂದುಬಿಳುಪಿನ ನುಣುಪು ಹಿಟ್ಟು.

"ರತ್ನಾ, ಇದು ಕೆ.ಜಿ.ಎಫ್‌ನ ಸೈನೈಡ್ ಗುಡ್ಡದ ಮಣ್ಣಲ್ವೇನೇ?"

"ಊಂ ಅಕ್ಕ, ಮಾವನೇ ತರ್ಸಿದ್ದು. ಆಗೆಲ್ಲ ಈ ಕಡೆ ಸುಮಾರ್ ಜನ ಇದ್ನೇ ಬಳ್ಸೋರು. ಕನ್ನಡಿ ಇದ್ದಂಗೆ ನುಣ್ಣಗ್ ಬತ್ತದೆ ಅಂತ."

ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಪುಡಿಯನ್ನು ಗಣಿಯವರು ಗುಡ್ಡ ಗುಡ್ಡವಾಗಿ ಸುರಿದಿದ್ದಾರೆ, ಅದೇ ಸೈನೈಡ್ ಗುಡ್ಡ. ಆ ಹಿಟ್ಟನ್ನು ಗಾರೆಗೆ ಕಲಸಿದರೆ ನೋಡಲು ಚಂದ, ಆದರೆ ಮಳೆನೀರು ಕುಡಿದು ಉಬ್ಬುತ್ತದೆ, ಬಿಸಿಲಿಗೆ ಕಳಚುತ್ತದೆ. ಉದುರುತ್ತಿರುವುದು ಬರೀ ಮೇಲಿನ ಗಾರೆ ಎಂದು ನನಗೆ ಆಗಲೇ ಅನಿಸಿತು. ನೆಗಡಿ ಬಂತು ಅಂತ ಮೂಗು ಕೊಯ್ದುಕೊಳ್ಳುವ ಜಾತಿ ನಮ್ಮದಲ್ಲ. "ಗಟ್ಟಿಯಾಗಿದೆ ಕಣೇ, ಯಾರೂ ಕೆಡವೋದು ಬೇಡ," ಎಂದು ಹೇಳಿ ಆಮೇಲೆ ಕಾಫಿ ಕುಡಿದೆ. ರತ್ನ ಲೋಟ ಕೊಡುತ್ತ ಮೆಲ್ಲಗೆ ಅಂದಳು: "ಮುನಿರಾಜು ಒಪ್ಬೇಕಲ್ಲ. ಅವ್ನೂ ಪಾಲುದಾರ. ಕೆಡವಿ ಲಾಡ್ಜ್ ಕಟ್ಟೋಣ ಅಂತಾನೆ. ಲಾಡ್ಜ್ ಆದ್ರೆ ಅದ್ಕೆ ಮ್ಯಾನೇಜರ್ ಬತ್ತಾನೆ. ನಾನು ಅಡುಗೆಮನೆಗ್ ಓಗ್ತೀನಿ. ಈ ಸ್ಟೂಲ್ ಒಂದೇ ಅಕ್ಕ ನಂದು ಅಂತ ಇರೋದು." ಅವಳ ಕಣ್ಣಲ್ಲಿ ನೀರಿರಲಿಲ್ಲ. ಮುನಿರಾಜುವಿನ ಮನೆಗೆ ಯಾವ ಗಾಡಿ ಎಂದು ಕೇಳಿದೆ.

ಮಾರನೆಯ ದಿನ ಮಾರಿಕುಪ್ಪಂ ಗಾಡಿ ಹತ್ತಿ ಗಣಿ ಕಡೆ ಹೊರಟೆ. ಆ ಗಾಡಿಯಲ್ಲಿ ಭಾಷೆಗೆ ಟಿಕೆಟ್ಟಿಲ್ಲ. ಪಕ್ಕದವಳು "ಕೊಂಜಂ ತಳ್ಳಿ ಉಕ್ಕಾರುಂಗ" ಎಂದು ನನ್ನನ್ನು ಸರಿಸಿ ಕೂತಳು. ಎದುರಿನ ಮುದುಕಿ "ಜರುಗಮ್ಮಾ" ಎಂದು ಅವಳನ್ನು ಸರಿಸಿತು. ಇಬ್ಬರೂ ಸೇರಿ ಅವರೆಕಾಯಿ ರೇಟಿನ ಬಗ್ಗೆ ಕನ್ನಡದಲ್ಲಿ ಜಗಳ ಶುರುಮಾಡಿದರು. ಕಿಟಕಿಯಾಚೆ ಆ ಬೂದಿಬಣ್ಣದ ಗುಡ್ಡಗಳು, ಹುಲ್ಲುಕಡ್ಡಿಯೂ ಇಲ್ಲದವು, ಮೇಲೆ ಮಳೆನೀರು ಕೊರೆದ ಗೀರುಗಳು. ನಮ್ಮ ಗಾರೆಯ ತವರುಮನೆ ನೋಡಿದ ಹಾಗಾಯಿತು.

ಮೈಸೂರು ಮೈನ್ಸ್‌ನ ಲೈನುಮನೆಯಲ್ಲಿ ಮುನಿರಾಜು ರಾತ್ರಿಪಾಳಿ ಮುಗಿಸಿ, ಮಲಗಿ, ಆಗಷ್ಟೇ ಎದ್ದಿದ್ದ. ತೆಳ್ಳಗಿನ ಆಳು, ಮಾತು ಕಡಿಮೆ. ಅವನ ಹೆಂಡತಿ ಮುದ್ದೆ, ಹಿತಕಿದ ಅವರೆಬೇಳೆ ಸಾರು ಬಡಿಸಿದಳು. ಆ ಸಾರಿಗಾಗಿಯಾದರೂ ಇನ್ನೊಮ್ಮೆ ಆ ಕಡೆ ಹೋಗಬಹುದು. ಊಟವಾದ ಮೇಲೆ ಸುತ್ತಿಗೆಯ ಸದ್ದಿನ ವಿಷಯ, ಗಾರೆಯ ವಿಷಯ ಎಲ್ಲ ಹೇಳಿದೆ. ಜೋರಾಗಿಯೇ ಹೇಳಿದೆ, ನನಗೆ ಮೆಲ್ಲಗೆ ಹೇಳಿ ಅಭ್ಯಾಸವಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದೂ ಸೇರಿಸಿದೆ.

ಅವನು ಪೂರ್ತಿ ಕೇಳಿಸಿಕೊಂಡ.

"ಅಕ್ಕ, ತಟ್ಟಿ ಸದ್ದು ಕೇಳೋದು ನಮ್ಗೂ ಗೊತ್ತು. ಒಳಗೆ ಇಳಿದ್ ಮೇಲೆ ಮೊದ್ಲು ಮಾಡೋದೇ ಅದು. ಒಂದ್ ದಿನ ಹಂಗೇ ತಟ್ಟಿದ್ವಿ. ಗಟ್ಟಿ ಅಂದ್ವಿ. ಬುತ್ತಿ ಬಿಚ್ಚಿ ಕೂತ್ವಿ. ಮೇಲಿಂದ ಒಂದಿಷ್ಟು ಪುಡಿ ಉದುರ್ತು, ಅನ್ನದ್ ಮೇಲೆ. ನಾನು ಅದ್ನ ನೋಡ್ದೆ. ಎದ್ದೆ. ನನ್ ಪಕ್ಕದವ್ನು ಅನ್ನದ್ ಮೇಲಿನ ಪುಡಿ ತೆಗೀತಾ ಕೂತಿದ್ದ."

"ಆಮೇಲೆ?" ಎಂದೆ.

"ಏರ್ ಬ್ಲಾಸ್ಟ್ ಅಂತೀವಿ. ಬಂಡೆ ಸಿಡೀತದೆ. ಅವ್ನು ಏಳ್ಲೇ ಇಲ್ಲ," ಎಂದ ಮುನಿರಾಜು. "ಮೇಲಿಂದ ಉದುರಿದ್ ಕಡೆ ನಾವ್ ನಿಲ್ಲಲ್ಲ ಅಕ್ಕ. ನಮ್ ಅತ್ತಿಗೇನ ಅಲ್ಲಿ ಹ್ಯಾಗ್ ಕೂರ್ಸ್ಲಿ? ಲಾಡ್ಜ್ ಇರ್ಲಿ, ಬಿಡ್ಲಿ. ಅದು ಮೊದ್ಲು ಬೀಳ್ಬೇಕು."

ಗಣಿಯವರು ಮಾತ್ರ ಮಾಡಬಹುದಾದ ತಪ್ಪು ಇದು. ಮನುಷ್ಯ ಕಟ್ಟಿದ ಸೂರನ್ನು ಅವನು ಬಂಡೆಯ ಸೂರಿನಂತೆ ಓದುತ್ತಿದ್ದ. ಆದರೆ ಅವನನ್ನು ಆಡಿಕೊಳ್ಳಲು ನನಗೆ ಬಾಯಿ ಬರಲಿಲ್ಲ. ಅವನು ಕೆಡವಬೇಕೆಂದು ಹಟ ಹಿಡಿದದ್ದು ನನ್ನ ತಂಗಿಯ ಮೇಲಿನ ಅಕ್ಕರೆಯಿಂದ. ಅದು ಗೊತ್ತಾದ ಮೇಲೆ ಅವನನ್ನು ಸೋಲಿಸುವ ಆಸೆ ಹೋಯಿತು, ಒಪ್ಪಿಸುವ ಹಟ ಬಂತು.

"ಭಾರ ಹೇರಿ ತೋರಿಸಿದರೆ?" ಎಂದು ಕೇಳಿದೆ.

"ಬರೀ ಮಾತಲ್ಲ ತಾನೇ? ಸೈಕಲ್ ಭಾರದ ಮೂರರಷ್ಟು ಹೇರಿ. ನಿಂತ್ರೆ ಸೋಮವಾರದವ್ರನ್ನ ನಾನೇ ವಾಪಸ್ ಕಳುಸ್ತೀನಿ."

ಭಾರ ಹೇರುವುದೆಂದರೆ ಹುಡುಗಾಟವಲ್ಲ. ಕಾಂಕ್ರೀಟಿನೊಳಗೆ ಕಬ್ಬಿಣ ಎಷ್ಟಿದೆ, ಹೇಗಿದೆ ಎಂದು ತಿಳಿಯದೆ ಅದಕ್ಕೆ ಕೈ ಹಾಕಬಾರದು. ನಕ್ಷೆ ಗಿಕ್ಷೆ ಏನೂ ಇರಲಿಲ್ಲ. ಕಟ್ಟಿದ ಗಾರೆ ಮೇಸ್ತ್ರಿ ವೆಂಕಟಪ್ಪ ಕಾಮಸಮುದ್ರದಲ್ಲಿದ್ದಾನೆ ಎಂದು ರತ್ನ ಹೇಳಿದ್ದರಿಂದ ಮರುದಿನ ಬೆಳಗ್ಗೆ ಆ ಬಸ್ಸು ಹತ್ತಿದೆ. ಚಳಿ ಇನ್ನೂ ಬಿಟ್ಟಿರಲಿಲ್ಲ. ದಾರಿಯುದ್ದಕ್ಕೂ ಟಾರು ರಸ್ತೆಯ ಮೇಲೆ ಹುರುಳಿ ಗಿಡ, ರಾಗಿ ತೆನೆ ಹರಡಿದ್ದರು. ನಮ್ಮ ಬಸ್ಸೇ ಆ ರೈತರಿಗೆ ಒಕ್ಕಣೆಯ ರೋಣಗಲ್ಲು. ಒಂದು ಕಡೆ ಡ್ರೈವರು ಪಕ್ಕಕ್ಕೆ ತಿರುಗಿಸಿ ಉಳಿಸಿ ಓಡಿಸಿದ್ದಕ್ಕೆ ಹೆಂಗಸೊಬ್ಬಳು ಮೊರ ಎತ್ತಿ, "ಮೇಲ್ ಅತ್ತಿಸ್ಕೊಂಡ್ ಓಗಲೇ, ಪುಣ್ಯ ಬತ್ತದೆ!" ಎಂದು ಬೈದಳು.

ವೆಂಕಟಪ್ಪ ಮೇಸ್ತ್ರಿಯಂಥ ಜಂಬಗಾರನನ್ನು ನಾನು ಈವರೆಗೆ ಕಂಡಿಲ್ಲ, ಕನ್ನಡಿಯಲ್ಲಿ ಕಂಡಿದ್ದರೆ ಬೇರೆ ಮಾತು. ಎಪ್ಪತ್ತು ದಾಟಿದ ಮನುಷ್ಯ ರೇಷ್ಮೆಹುಳುವಿನ ತಟ್ಟೆಗಳ ಮಧ್ಯೆ ಕುರ್ಚಿ ಹಾಕಿಸಿಕೊಂಡು ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಸ್ಟ್ಯಾಂಡು ಉದುರುತ್ತಿದೆ ಎಂದದ್ದೇ ತಡ, ಅಲ್ಲಿಂದಲೇ ಕೂಗಿದ.

"ಏಮ್ಮಾ, ನಂದಾ? ನನ್ ಮೋಲ್ಡಾ? ಯಾವನ್ ಅವ್ನು ಅಂದೋನು? ಪಾಲಾರ್ ನದಿ ಮರಳು ಕಣಮ್ಮಾ, ಬೇತಮಂಗಲದಿಂದ ಎತ್ತಿನ್ ಗಾಡೀಲಿ ಬಂದಿದ್ದು! ತೊಲೆ ಒಳಗೆ ಏನೈತೆ ಗೊತ್ತಾ? ಟ್ರಾಮ್ ಕಂಬಿ! ಅದಿರು ಗಾಡಿ ಓಡೋ ಕಂಬಿ. ಗಣಿ ಅರಾಜಲ್ಲಿ ನಿಮ್ ತಂಗಿ ಮಾವನ ಕೈಲಿ ಕೊಂಡ್ಸಿದ್ದು ನಾನೇ. ಸೈಕಲ್ ಅಲ್ಲ, ಆನೆ ನಿಲ್ಸು!"

"ಮತ್ತೆ ಸೈನೈಡ್ ಮಣ್ಣಿನ ಗಾರೆ?"

ಮೇಸ್ತ್ರಿಯ ಮುಖ ಇಳಿಯಿತು. "ಅದು ನನ್ನ ಕೆಲ್ಸ ಅಲ್ಲ ತಾಯಿ. ಮೋಲ್ಡ್ ಆಗಿ ಐದಾರು ವರ್ಷ ಆದ್ಮೇಲೆ ಚಿಕ್ಕ ಮಗನ್ ಮದುವೆ ಅಲ್ಲೇ ಮೇಲ್ಗಡೆ ಇಕ್ಕೊಂಡ್ರು. ಚಪ್ಪರದ ಖರ್ಚು ಉಳೀತದೆ ಅಂತ. ನೋಡೋಕ್ ಚಂದ ಇರ್ಲಿ ಅಂತ ಯಜಮಾನ್ರು ಯಾರ್ಯಾರನ್ನೋ ಇಟ್ಕೊಂಡು ಮೇಲೂ ಕೆಳಗೂ ಬಳಿಸಿದ್ರು. ಬ್ಯಾಡ ಅಂದೆ. ಮದುವೆಗೂ ನಾನ್ ಓಗ್ಲಿಲ್ಲ."

ಅಂದರೆ ಉದುರುತ್ತಿದ್ದದ್ದು ಮುನಿರಾಜುವಿನ ಮದುವೆಗೆ ಬಳಿದ ಪೌಡರು. ನನಗೆ ನಗು ತಡೆಯಲಿಲ್ಲ. ಮೇಸ್ತ್ರಿ ತನ್ನನ್ನೇ ನೋಡಿ ನಕ್ಕೆನೆಂದು ಸಿಟ್ಟಾಗಿ, ಮತ್ತೆ ವಿಷಯ ಹೇಳಿದ ಮೇಲೆ ತಾನೂ ನಕ್ಕು, ಕೆತ್ತುವ ಕೆಲಸಕ್ಕೆ ತನ್ನ ಇಬ್ಬರು ಅಳಿಯಂದಿರನ್ನು ನನ್ನ ಜೊತೆ ಅದೇ ಬಸ್ಸಿನಲ್ಲಿ ಕಳಿಸಿಕೊಟ್ಟ.

ಎರಡು ದಿನ ಚಾಣದ ಸದ್ದಿನಲ್ಲೇ ಕಳೆಯಿತು. ಇಳಿಜಾರಿನ ಪಕ್ಕದ ಅಂಕಣ, ಅಂದರೆ ನಾಲ್ಕು ಕಂಬಗಳ ನಡುವಿನ ಜಾಗ, ಅಲ್ಲೇ ಚಕ್ಕೆ ಹೆಚ್ಚು ಉದುರಿತ್ತು. ಪರೀಕ್ಷೆಗೆ ಅದನ್ನೇ ಆರಿಸಿಕೊಂಡೆ. ಗಾರೆಯನ್ನೆಲ್ಲ ಕೆತ್ತಿ ತೆಗೆದ ಮೇಲೆ ಪಾಲಾರ್ ಮರಳಿನ ಕಾಂಕ್ರೀಟು ಕಾಣಿಸಿತು. ತೊಲೆಯ ಅಡಿಯಲ್ಲಿ ಒಂದು ಕಡೆ ಬಿಡಿಸಿ ನೋಡಿದರೆ ಟ್ರಾಮ್ ಕಂಬಿ, ಮೇಸ್ತ್ರಿ ಹೇಳಿದಂತೆಯೇ, ತುಕ್ಕು ಬರೀ ಮೇಲುಮೇಲೆ. ಆ ಜಂಬಗಾರನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಸ್ಟೇಷನ್ನಿಗೆ ಹೋಗಿಬರುವವರೆಲ್ಲ ನಿಂತು, "ಬೀಳ್ತದಾ, ನಿಲ್ತದಾ?" ಎಂದು ಕೇಳುತ್ತಿದ್ದರು. ನಿಲ್ಲುತ್ತೆ ಎಂದು ಕನ್ನಡದಲ್ಲಿ ಹೇಳಿದೆ, ತಮಿಳಿನಲ್ಲಿ ಹೇಳಿದೆ, ತೆಲುಗಿನಲ್ಲೂ ಹೇಳಿದೆ.

ಭಾನುವಾರ ಬೆಳಗ್ಗೆ ರತ್ನ ಹಾಲಿನವರಿಗೆಲ್ಲ ಹೇಳಿಕಳಿಸಿದಳು. "ನಿಮ್ ಸೈಕಲ್ ನಿಲ್ಲೋ ಜಾಗ ಉಳೀಬೇಕಾ? ಕ್ಯಾನ್ ತಗೊಂಡ್ ಬನ್ನಿ." ಬಂದರು ನೋಡಿ! ಹತ್ತು ಹಳ್ಳಿಯ ಕ್ಯಾನು. ಮೊದಲ ಅಂತಸ್ತಿನ ಆ ಅಂಕಣದ ಮೇಲೆ ಖಾಲಿ ಕ್ಯಾನುಗಳನ್ನು ಒಂದಕ್ಕೊಂದು ತಾಗಿಸಿ ಜೋಡಿಸಿದರು. ಎಲ್ಲರನ್ನೂ ಪಕ್ಕಕ್ಕೆ ಸರಿಸಿ, ಬೇರೆ ಅಂಕಣದಲ್ಲಿ ನಿಂತು ಬಾವಿಯ ಪಂಪಿನ ಪೈಪು ಚಾಚಿ ನೀರು ತುಂಬಿಸಬೇಕೆಂದು ಕಟ್ಟಪ್ಪಣೆ ಮಾಡಿದೆ. ಕೆಳಗೆ ಯಾರೂ ಹೋಗಕೂಡದು ಎಂದು ಮತ್ತೆ ಹಗ್ಗ ಕಟ್ಟಿದೆ.

ಸೂರು ಬಗ್ಗಿತೋ ಇಲ್ಲವೋ ತಿಳಿಯಲು ನಮ್ಮ ಅಪ್ಪನ ಉಪಾಯವೊಂದಿದೆ. ತೊಲೆಯ ನಡುಮಧ್ಯದ ಕೆಳಗೆ ನೆಲದಿಂದ ಒಂದು ಗಟ್ಟಿ ಬಿದಿರ ಗಳು ನಿಲ್ಲಿಸಿ, ಗಳುವಿನ ತುದಿಗೂ ತೊಲೆಗೂ ನಡುವೆ ಒಂದು ಬೀಡಿ ಸಲೀಸಾಗಿ ಆಡುವಷ್ಟು ಮಾತ್ರ ಸಂದು ಬಿಟ್ಟು, ಅದರಲ್ಲಿ ಬೀಡಿ ಇಡುವುದು. ತೊಲೆ ಬಗ್ಗಿದರೆ ಬೀಡಿ ನಜ್ಜಾಗುತ್ತದೆ. ಮುನಿರಾಜು ರಸ್ತೆಯಾಚೆ ನಿಂತಿದ್ದ. ಬೀಡಿ ಕೇಳಿದೆ. ಸೂರಿನ ಅಂಚಿನವರೆಗೆ ಬಂದು, ಒಳಗೆ ಹೆಜ್ಜೆ ಇಡದೆ, ಕೈ ಚಾಚಿ ಕೊಟ್ಟು ವಾಪಸ್ ಹೋದ. ಬೀಡಿ ಇಟ್ಟು ನಾನೂ ಹೊರಗೆ ಬಂದೆ. ಪಂಪು ಶುರುವಾಯಿತು.

ಮಧ್ಯಾಹ್ನದ ಹೊತ್ತಿಗೆ ಕ್ಯಾನುಗಳೆಲ್ಲ ತುಂಬಿ ತುಳುಕಿದವು, ಸೈಕಲ್ ಭಾರದ ಮೂರರಷ್ಟಕ್ಕೂ ಹೆಚ್ಚು. ಸಂಜೆಯವರೆಗೆ ಭಾರ ಹಾಗೆಯೇ ಇರಬೇಕು ಎಂದೆ. ಸಂಜೆಯ ಗಾಡಿಗೆ ನನ್ನ ಟಿಕೆಟ್ಟಾಗಿತ್ತು. ಹೊರಗೆ ಕಡಲೆಕಾಯಿ ತಿನ್ನುತ್ತ ಜನ ಕೂತರು, ನಾನೂ ತಿಂದೆ. ಬೆಂಗಳೂರಿನಿಂದ ಗಾಡಿ ಬರುವ ಹೊತ್ತಾದಾಗ ರತ್ನ ಸೀರೆ ಕೊಡವಿಕೊಂಡು ಎದ್ದಳು. ತನ್ನ ಸ್ಟೂಲು ಎತ್ತಿಕೊಂಡಳು, ಹಗ್ಗದ ಕೆಳಗೆ ನುಸುಳಿದಳು, ಕ್ಯಾನುಗಳ ಸರಿಯಾಗಿ ಅಡಿಗೆ, ಗಳುವಿನ ಪಕ್ಕದಲ್ಲಿ ಸ್ಟೂಲು ಹಾಕಿ ಕೂತಳು.

"ರತ್ನಾ! ಎದ್ದು ಬಾರೇ!"

"ಯಾಕಕ್ಕ? ಗಟ್ಟಿ ಅಂತ ನೀನೇ ಅಂದ್ಯಲ್ಲ."

ಅಂದಿದ್ದೆ. ಮೂರು ಭಾಷೆಯಲ್ಲಿ ಅಂದಿದ್ದೆ. ಇಷ್ಟು ವರ್ಷ ಎಷ್ಟೋ ಜನರ ಸೂರಿಗೆ ಗಟ್ಟಿ ಎಂದು ಹೇಳಿ ಊರಿಗೆ ಬಂದು ನೆಮ್ಮದಿಯಾಗಿ ಮಲಗಿದ್ದೇನೆ. ಆದರೆ ಆ ಸೂರುಗಳ ಕೆಳಗೆ ನನ್ನ ತಂಗಿ ಕೂತಿರಲಿಲ್ಲ. ನನಗೆ ಭಯವಾಯಿತು, ಸುಳ್ಳೇಕೆ ಹೇಳಲಿ.

ನನಗಿಂತ ಮೊದಲು ಓಡಿದವನು ಮುನಿರಾಜು. ರಸ್ತೆ ದಾಟಿ, ಹಗ್ಗ ಹಾರಿ, ಒಳಗೆ ನುಗ್ಗಿ ಅವಳ ರಟ್ಟೆ ಹಿಡಿದ. "ಏಳಿ ಅತ್ತಿಗೆ! ದಮ್ಮಯ್ಯ ಅಂತೀನಿ, ಏಳಿ!"

ರತ್ನ ಇನ್ನೊಂದು ಕೈಯಲ್ಲಿ ಕಂಬ ಹಿಡಿದುಕೊಂಡಳು. "ಏಳಲ್ಲ ಮುನಿರಾಜು. ಇದು ಬೀಳೋದಾದ್ರೆ ಜನರ್ನ ಕರ್ದು ಇದ್ರ್ ಕೆಳಗೆ ನಾನ್ ಯಾವ್ ಮಕ ಇಟ್ಕೊಂಡ್ ನಿಲ್ಸ್ಲಿ? ಬೀಳಲ್ಲಾಂದ್ರೆ ನೀನ್ಯಾಕ್ ಎಳೀತಿ?"

ಮುನಿರಾಜು ಅವಳ ರಟ್ಟೆ ಬಿಟ್ಟ, ಆದರೆ ಬಿಟ್ಟು ಹೊರಗೂ ಬರಲಿಲ್ಲ. ಕತ್ತು ಎತ್ತಿ ಸೂರನ್ನೇ ನೋಡುತ್ತ ನಿಂತ. ನಾನೂ ಹೋಗಿ ತಂಗಿಯ ಪಕ್ಕದಲ್ಲಿ ನೆಲದ ಮೇಲೇ ಕೂತೆ. ಮೇಲೆ ಕ್ಯಾನಿನ ನೀರು ಒಂದೊಂದೇ ಹನಿ ತುಳುಕುವ ಸದ್ದು ಕೇಳುತ್ತಿತ್ತು. ಸೂರಿನಿಂದ ಏನೂ ಉದುರಲಿಲ್ಲ.

ಬೆಂಗಳೂರಿನ ಗಾಡಿ ಬಂತು. ಇಳಿದ ಜನ ಹಗ್ಗದಾಚೆ ಗುಂಪಾಗಿ ನಿಂತು ನಮ್ಮ ಮೂವರನ್ನು ನೋಡಿದರು. ರತ್ನನ ಗಂಡ ಗುಂಪಿನಲ್ಲಿ ನಿಂತು ಇದಕ್ಕೂ ಹೂಂ ಎನ್ನುವವನಂತೆ ತಲೆಯಾಡಿಸಿದ. ಆಮೇಲೆ ನಾನು ಹತ್ತಬೇಕಾಗಿದ್ದ ಗಾಡಿ ಸಿಳ್ಳೆ ಹಾಕಿ ಹೊರಟಿತು. ಅದು ಹೋಗುವುದು ಕೂತಲ್ಲಿಂದಲೇ ಕಾಣುತ್ತಿತ್ತು. ಏಳಬೇಕೆನಿಸಲಿಲ್ಲ.

ಮುನಿರಾಜು ಗಳುವಿನ ಹತ್ತಿರ ಹೋಗಿ ಸಂದಿನಲ್ಲಿದ್ದ ಬೀಡಿಯನ್ನು ಎರಡು ಬೆರಳಲ್ಲಿ ಹಿಡಿದೆಳೆದ. ಸಲೀಸಾಗಿ ಬಂತು. ಬೆರಳ ನಡುವೆ ಉರುಳಿಸಿ ನೋಡಿದ, ಸುತ್ತಿದ್ದ ಹಾಗೆಯೇ ದುಂಡಗಿತ್ತು. ಇನ್ನೊಂದು ಸಲ ಮೇಲೆ ನೋಡಿದ. ಬೀಡಿಯನ್ನು ತುಟಿಗಿಟ್ಟುಕೊಂಡ, ಕಂಬಕ್ಕೆ ಬೆನ್ನು ಕೊಟ್ಟ, ಮೆಲ್ಲಗೆ ಜಾರಿ ಆ ಸೂರಿನ ಕೆಳಗೆ ಕಾಲು ಚಾಚಿ ಕೂತ.

"ಅತ್ತಿಗೆ," ಎಂದ, "ಬೆಂಕಿಪಟ್ಣ ಐತಾ?"